ಆಬ್ಜೆಕ್ಟ್‌ಗಳ ಅರೇ: ಕಾಣುವುದೊಂದು, ಇರುವುದೊಂದು

ಜಾವಾ ಲ್ಯಾಬ್‌ನಲ್ಲಿ ಒಂದು ಪ್ರೋಗ್ರಾಮ್ ತಪ್ಪಿದ್ದಲ್ಲ: ಹೆಸರು, ರೋಲ್ ನಂಬರ್, ಅಂಕ ಇರುವ ಸ್ಟೂಡೆಂಟ್ ಕ್ಲಾಸ್, ಆಮೇಲೆ ಅಂಥ 60 ಮಂದಿಯ ಅರೇ. ಪಠ್ಯಪುಸ್ತಕಗಳು ಇದನ್ನು ಆಬ್ಜೆಕ್ಟ್‌ಗಳ ಅರೇ ಎಂದು ಕಲಿಸುತ್ತವೆ. ಜಾವಾದ ಮಟ್ಟಿಗೆ ಅದು ಅರ್ಧ ಸತ್ಯ.

'ನ್ಯೂ ಸ್ಟೂಡೆಂಟ್[60]' ಎಂದಾಗ ಒಬ್ಬ ವಿದ್ಯಾರ್ಥಿಯೂ ಹುಟ್ಟುವುದಿಲ್ಲ. ಸಿಗುವುದು 60 ರೆಫರೆನ್ಸ್‌ಗಳು, ಎಲ್ಲದರಲ್ಲೂ ನಲ್. ಒಂದೊಂದಕ್ಕೂ ಬೇರೆಯಾಗಿ ಆಬ್ಜೆಕ್ಟ್ ಕಟ್ಟಿಕೊಡದೆ ಅಂಕ ತುಂಬಲು ಹೋದರೆ ನಲ್ ಪಾಯಿಂಟರ್ ಎಕ್ಸೆಪ್ಶನ್ ಖಚಿತ. ಸಿ++ನಲ್ಲಿ 'ಸ್ಟೂಡೆಂಟ್ ಎಸ್[60]' ಎಂದರೆ ಕನ್‌ಸ್ಟ್ರಕ್ಟರ್ 60 ಸಲ ಓಡುತ್ತದೆ. ಆಬ್ಜೆಕ್ಟ್‌ಗಳೇ ಮೆಮೊರಿಯಲ್ಲಿ ಒತ್ತಾಗಿ ಕೂರುತ್ತವೆ.

ಈ ವ್ಯತ್ಯಾಸಕ್ಕೆ ಬೆಲೆಯಿದೆ. ಎಕ್ಸ್, ವೈ ಎಂಬ ಎರಡು ಇಂಟ್‌ಗಳಿರುವ ಪಾಯಿಂಟ್ ಎಂಬ ಕ್ಲಾಸ್ ತೆಗೆದುಕೊಳ್ಳಿ. ನಿಜವಾದ ಮಾಹಿತಿ 8 ಬೈಟ್. ಜಾವಾ ಓಡಿಸುವ 64 ಬಿಟ್ ಹಾಟ್‌ಸ್ಪಾಟ್ ವರ್ಚುವಲ್ ಮೆಷಿನ್‌ನ ರೂಢಿಯ ವ್ಯವಸ್ಥೆಯಲ್ಲಿ 12 ಬೈಟ್ ಹೆಡರ್ ಸೇರಿ, 8ರ ಗುಣಕಕ್ಕೆ ಏರಿಸಿ, ಆಬ್ಜೆಕ್ಟ್ 24 ಬೈಟ್ ಆಗುತ್ತದೆ. ಅರೇಯಲ್ಲಿನ ರೆಫರೆನ್ಸ್‌ಗೆ ಇನ್ನೂ 4. ಹತ್ತು ಲಕ್ಷ ಪಾಯಿಂಟ್‌ಗಳಿದ್ದರೆ 80 ಲಕ್ಷ ಬೈಟ್ ಸಾಕಾಗುವಲ್ಲಿ 2.8 ಕೋಟಿ ಬೇಕು.

ಟೈಪ್ ವಿಷಯದಲ್ಲಿ ಜಾವಾ ಇನ್ನೂ ಸಡಿಲ. ಸ್ಟ್ರಿಂಗ್ ಅರೇಯನ್ನು ಆಬ್ಜೆಕ್ಟ್ ಅರೇ ಎಂದು ಕೊಟ್ಟರೆ ಕಂಪೈಲರ್ ತಕರಾರು ಮಾಡುವುದಿಲ್ಲ. ಅದರೊಳಗೆ ಇಂಟಿಜರ್ ಇಟ್ಟರೂ ಸುಮ್ಮನಿರುತ್ತದೆ. ಓಡುವಾಗ ಅರೇ ಸ್ಟೋರ್ ಎಕ್ಸೆಪ್ಶನ್ ಬಂದು ಪ್ರೋಗ್ರಾಮ್ ಮುಗ್ಗರಿಸುತ್ತದೆ. ಜೆನೆರಿಕ್ಸ್ ಇಲ್ಲದ ಕಾಲದಲ್ಲಿ ಯಾವ ಅರೇಯನ್ನಾದರೂ ವಿಂಗಡಿಸುವ ಒಂದೇ ಮೆಥಡ್ ಬರೆಯಲು ಈ ಸಡಿಲ ಬೇಕಿತ್ತು. 2004ರಲ್ಲಿ ಜಾವಾ 5ರೊಂದಿಗೆ ಜೆನೆರಿಕ್ಸ್ ಬಂದರೂ ಹಳೆಯ ಕೋಡ್ ಮುರಿಯದಿರಲೆಂದು ಅದು ಉಳಿದುಕೊಂಡಿತು. ಸಿ++ ಸಾಚಾ ಎಂದಲ್ಲ: ಡಿರೈವ್ಡ್ ಕ್ಲಾಸ್‌ನ ಅರೇಯನ್ನು ಬೇಸ್ ಪಾಯಿಂಟರ್ ಮೂಲಕ ದಾಟಿದರೆ ಅಳತೆ ತಪ್ಪಿ ಆಬ್ಜೆಕ್ಟ್‌ನ ನಡುಮಧ್ಯೆ ಇಳಿಯಬಹುದು, ಅದೂ ಯಾವ ಎಚ್ಚರಿಕೆಯೂ ಇಲ್ಲದೆ.

ಹಾಗೆಂದು ಈ ಪದ್ಧತಿಯನ್ನೇ ತಳ್ಳಿಹಾಕಬೇಕಿಲ್ಲ. ಚೆಸ್ ಬೋರ್ಡಿನ 64 ಮನೆಗಳಂತೆ ಸಂಖ್ಯೆ ಬದಲಾಗದಲ್ಲಿ ಅರೇ ಚೆನ್ನ. ಸೇರಿಸುವ, ತೆಗೆಯುವ ಕೆಲಸವಿದ್ದರೆ ಅರೇಲಿಸ್ಟ್ ಲೇಸು. ತಪ್ಪು ಟೈಪ್ ಕಂಪೈಲ್ ಆಗುವಾಗಲೇ ಸಿಕ್ಕಿಬೀಳುತ್ತದೆ. ಆದರೆ ಅದರಲ್ಲೂ ಇರುವುದು ರೆಫರೆನ್ಸ್‌ಗಳೇ, ಮೆಮೊರಿ ಉಳಿಯುವುದಿಲ್ಲ. ಲಕ್ಷಗಟ್ಟಲೆ ಲೆಕ್ಕದಲ್ಲಿ ವೇಗವೇ ಮುಖ್ಯವಾದರೆ ಎಕ್ಸ್‌ಗೊಂದು, ವೈಗೊಂದು ಇಂಟ್ ಅರೇ ಇಡಬೇಕು. ಆಗ ಪಾಯಿಂಟ್ ಎಂಬ ಕ್ಲಾಸ್ ಕೋಡ್‌ನಿಂದ ಮಾಯವಾಗುತ್ತದೆ. ವೇಗ, ಓದುವ ಸುಲಭ ಇವೆರಡರಲ್ಲಿ ಯಾವುದನ್ನು ಬಿಡಬೇಕೆಂದು ಪ್ರೋಗ್ರಾಮರ್ ತಾನೇ ನಿರ್ಧರಿಸಬೇಕು. ಪಠ್ಯಪುಸ್ತಕ ಆ ಆಯ್ಕೆ ಇದೆಯೆಂದೂ ಹೇಳುವುದಿಲ್ಲ.