ರೂಮಿಗೆ ಫ್ರೆಂಚಿನಲ್ಲಿ ಏನನ್ನುತ್ತಾರೆ?

ಎಂಟನೇ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಒಂದು ಉತ್ತರ ನೋಡಿ ನಗು ತಡೆಯಲಾಗಲಿಲ್ಲ. 'ದೇರ್ ಈಸ್ ನೋ ರೂಮ್ ಇನ್ ದ ಬಸ್' ಎಂಬ ವಾಕ್ಯವನ್ನು ಕನ್ನಡಕ್ಕೆ ತನ್ನಿ ಎಂದು ಕೊಟ್ಟಿದ್ದೆ. ಹುಡುಗಿಯೊಬ್ಬಳು ದುಂಡು ಅಕ್ಷರದಲ್ಲಿ 'ಬಸ್ಸಿನಲ್ಲಿ ಕೋಣೆ ಇಲ್ಲ' ಎಂದು ಬರೆದಿದ್ದಳು. ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ, ಎಲ್ಲರೂ ನಕ್ಕರು. ಆಮೇಲೆ ಯೋಚಿಸಿದರೆ ತಪ್ಪು ಅವಳದಲ್ಲ. ಐದನೇ ತರಗತಿಯಿಂದ ರೂಮ್ ಎಂದರೆ ಕೋಣೆ, ರೂಮ್ ಎಂದರೆ ಕೋಣೆ ಎಂದು ಬಾಯಿಪಾಠ ಮಾಡಿಸಿದವರು ನಾವೇ. ಅರ್ಧ ಅಂಕ ಕೊಟ್ಟೆ.

ಆ ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗಳಿಗೆ ಇದನ್ನು ಹೇಳಿದೆ. ಅವಳು ಫ್ರೆಂಚ್ ಕಲಿಯುತ್ತಿದ್ದಾಳೆ. ನಗಲಿಲ್ಲ. "ದೊಡ್ಡಮ್ಮ, ನಿಮ್ಮ ಹುಡುಗಿಗೆ ಬಂದ ಕಷ್ಟವೇ ಫ್ರಾನ್ಸಿನ ದೊಡ್ಡ ದೊಡ್ಡ ಲೇಖಕಿಯರಿಗೂ ಬಂದಿದೆ, ಅದೂ ಇದೇ ಶಬ್ದಕ್ಕೆ" ಎಂದಳು. ಫೋನಿನಲ್ಲಿ ಎರಡು ಪುಸ್ತಕಗಳ ಮುಖಪುಟ ತೋರಿಸಿದಳು. ಎರಡೂ ಒಂದೇ ಪುಸ್ತಕದ ಅನುವಾದ, ಆದರೆ ಹೆಸರು ಬೇರೆ ಬೇರೆ. ಮೂಲ ವರ್ಜೀನಿಯಾ ವುಲ್ಫ್ ಬರೆದ 'ಎ ರೂಮ್ ಆಫ್ ಒನ್ಸ್ ಓನ್'.

ಈ ಪುಸ್ತಕದ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. 1928ರ ಅಕ್ಟೋಬರಿನಲ್ಲಿ ಕೇಂಬ್ರಿಜ್‌ನ ಎರಡು ಮಹಿಳಾ ಕಾಲೇಜುಗಳಲ್ಲಿ, ನ್ಯೂನಮ್ ಮತ್ತು ಗರ್ಟನ್‌ಗಳಲ್ಲಿ, ವುಲ್ಫ್ ಮಾಡಿದ ಭಾಷಣಗಳು ಬೆಳೆದು 1929ರಲ್ಲಿ ಪುಸ್ತಕವಾಯಿತು. ಹೆಣ್ಣು ಕತೆ ಕಾದಂಬರಿ ಬರೆಯಬೇಕಾದರೆ ಏನು ಬೇಕು? ವರ್ಷಕ್ಕೆ ಐನೂರು ಪೌಂಡು, ಬಾಗಿಲಿಗೆ ಬೀಗವಿರುವ ಒಂದು ರೂಮು. ಇಷ್ಟೇ ಅವಳ ಬೇಡಿಕೆ. ಪುಸ್ತಕದ ಕಥನಗಾರ್ತಿಗೆ ಆ ಐನೂರು ಪೌಂಡು ಬರುವುದು ನಮ್ಮ ಬೊಂಬಾಯಿಯಿಂದ! ಅಲ್ಲಿ ಗಾಳಿಸೇವನೆಗೆಂದು ಕುದುರೆ ಹತ್ತಿದ್ದ ಅವಳ ಅತ್ತೆಯೊಬ್ಬಳು ಬಿದ್ದು ಸತ್ತು, ಆಸ್ತಿಯನ್ನು ಇವಳ ಹೆಸರಿಗೆ ಬಿಟ್ಟಿರುತ್ತಾಳೆ. ಆ ಕಾಗದ ಬರುವುದು ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕ ಹೊತ್ತಿನಲ್ಲಿ. ಎರಡರಲ್ಲಿ ಹಣವೇ ಹೆಚ್ಚು ಎನಿಸಿತು ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ನಾನು ಮೊದಲು ಇದನ್ನು ಓದಿದಾಗ ನನಗೆ ಮೂವತ್ತರ ಆಸುಪಾಸು. ಸಂಬಳ ಬರುತ್ತಿತ್ತು, ಪೂರ್ತಿ ಮನೆಗೆ ಹೋಗುತ್ತಿತ್ತು. ರೂಮಿನ ಮಾತು ಆಮೇಲೆ ಹೇಳುತ್ತೇನೆ.

ಇಂಗ್ಲಿಷಿನ ರೂಮ್‌ಗೆ ಎರಡು ಜೀವ. ನಾಲ್ಕು ಗೋಡೆಯ ಕೋಣೆಯೂ ರೂಮ್, ಬಸ್ಸಿನಲ್ಲಿ ಸಿಗುವ ಎಡೆಯೂ ರೂಮ್. ಹಳೆಯ ಇಂಗ್ಲಿಷಿನಲ್ಲಿ ಮೊದಲಿದ್ದುದು ಎರಡನೆಯ ಅರ್ಥವೇ. ಗೋಡೆ ಎದ್ದದ್ದು ಆಮೇಲೆ. ವುಲ್ಫಳ ಹೆಸರಿನಲ್ಲಿ ಎರಡೂ ಒಟ್ಟಿಗೆ ಉಸಿರಾಡುತ್ತವೆ. ತನ್ನದೇ ಕೋಣೆ, ತನಗೂ ಒಂದಿಷ್ಟು ಎಡೆ. ಇಂಗ್ಲಿಷ್ ಓದುಗಳು ಎರಡನ್ನೂ ಒಂದೇ ಗುಟುಕಿಗೆ ಕುಡಿಯುತ್ತಾಳೆ.

ಫ್ರೆಂಚಿನವರಿಗೆ ಆ ಅನುಕೂಲವಿಲ್ಲ. ಬಸ್ಸಿನ ರೂಮಿಗೆ ಅವರು 'ಪ್ಲಾಸ್' ಎನ್ನುತ್ತಾರೆ. ಮನೆಯ ರೂಮಿಗೆ ಲೆಕ್ಕದ ಶಬ್ದ 'ಪಿಯೆಸ್'. ಅದರಲ್ಲಿ ಮಲಗುವ ರೂಮಾದರೆ 'ಶಾಂಬ್ರ್'. 1951ರಲ್ಲಿ ಮೊದಲ ಅನುವಾದ ಮಾಡಿದ ಕ್ಲಾರಾ ಮಾಲ್ರೊ ಆರಿಸಿದ್ದು ಈ ಶಾಂಬ್ರ್ ಅನ್ನು. 'ಯೂನ್ ಶಾಂಬ್ರ್ ಆ ಸ್ವಾ', ತನ್ನದೇ ಒಂದು ಶಾಂಬ್ರ್. ಲ್ಯಾಟಿನ್ನಿನ ಕಮೆರಾ ಎಂಬ ಶಬ್ದದಿಂದ ಬಂದದ್ದು, ನಮ್ಮ ಫೋಟೋ ತೆಗೆಯುವ ಕ್ಯಾಮೆರಾ ಕೂಡ ಅದೇ ಮನೆತನದ್ದು. ಹೋಟೆಲಿನಲ್ಲಿ ಉಳಿಯಲು ಕೇಳುವುದೂ ಶಾಂಬ್ರ್. ಹಾಸಿಗೆ ಕೊಡವಿ ಹಾಸುವ ಕೆಲಸದವಳು 'ಫಾಮ್ ದ ಶಾಂಬ್ರ್'. ಅರುವತ್ತು ವರ್ಷಗಳ ಕಾಲ ಫ್ರಾನ್ಸಿನ ಹೆಂಗಸರ ಬಾಯಲ್ಲಿ ಈ ಹೆಸರೇ ಓಡಾಡಿ ಗಾದೆಯಂತಾಯಿತು.

2016ರಲ್ಲಿ ಕಾದಂಬರಿಗಾರ್ತಿ ಮಾರೀ ದಾರ್ಯುಸೆಕ್ ಹೊಸ ಅನುವಾದ ತಂದರು. ಅವರ ತಕರಾರು ನ್ಯಾಯವಾದದ್ದೇ. ವುಲ್ಫ್ ಬರೆದದ್ದು ರೂಮ್, ಬೆಡ್‌ರೂಮ್ ಅಲ್ಲ. ಬರೆಯಬೇಕೆನ್ನುವ ಹೆಂಗಸನ್ನು ಮತ್ತೆ ಮಲಗುವ ಕೋಣೆಗೇ ಏಕೆ ಕಳಿಸುವುದು? ಅವರ ಪುಸ್ತಕದ ಹೆಸರು 'ಅಂ ಲ್ಯೊ ಆ ಸ್ವಾ'. ಲ್ಯೊ ಎಂದರೆ ಸ್ಥಳ, ಜಾಗ. ಗೋಡೆ ಕೆಡವಿ ಬಯಲು ಮಾಡಿದ ಹಾಗೆ.

ಇನ್ನೊಂದು ಅನುವಾದ 'ಪಿಯೆಸ್' ಎಂಬ ಶಬ್ದವನ್ನೇ ಹಿಡಿದಿದೆಯಂತೆ. ನಿಘಂಟಿನ ಪ್ರಕಾರ ಅದೇ ಸರಿ. ಆದರೆ ಪಿಯೆಸ್ ಎಂದರೆ ಚೂರು, ನಾಣ್ಯ, ನಾಟಕ ಎಂದೂ ಆಗುತ್ತದೆ. ಹಣ ಮತ್ತು ಕೋಣೆ ಎರಡನ್ನೂ ಕೇಳುವ ಪುಸ್ತಕಕ್ಕೆ ನಾಣ್ಯದ ಅರ್ಥ ತಾನಾಗಿ ಒದಗಿಬಂದ ಲಾಭ ಎಂದು ನನಗನ್ನಿಸಿತು. ತಂಗಿಯ ಮಗಳು ಮತ್ತೊಂದು ವಿಷಯ ಹೇಳಿದಳು. ಫ್ರಾನ್ಸಿನಲ್ಲಿ ಮನೆ ಬಾಡಿಗೆಗೆ ಕೊಡುವಾಗ ಎರಡು ಪಿಯೆಸ್, ಮೂರು ಪಿಯೆಸ್ ಎಂದು ಲೆಕ್ಕ ಹೇಳುತ್ತಾರಂತೆ. ಆ ಲೆಕ್ಕದಲ್ಲಿ ಅಡುಗೆಮನೆ ಸೇರುವುದಿಲ್ಲ, ಬಚ್ಚಲೂ ಸೇರುವುದಿಲ್ಲ. ನೋಡಿ, ಹೆಂಗಸು ಬೆಳಗಿನಿಂದ ರಾತ್ರಿಯವರೆಗೆ ನಿಂತಿರುವ ಕೋಣೆಯೇ ಎಣಿಕೆಗಿಲ್ಲ! ನಮ್ಮಲ್ಲಿ ಕಡೇಪಕ್ಷ ಅದನ್ನು 'ಮನೆ' ಎಂದಾದರೂ ಕರೆಯುತ್ತೇವೆ. ಅಡುಗೆಮನೆ, ದೇವರಮನೆ, ಬಚ್ಚಲುಮನೆ. ಒಂದೊಂದು ಕೋಣೆಯೂ ಒಂದು ಮನೆ. ಅಷ್ಟು ಮನೆಗಳಲ್ಲಿ ನಮ್ಮದು ಯಾವುದು ಎಂದು ಮಾತ್ರ ಕೇಳಬೇಡಿ.

ಹೆಸರಿನ ಉಳಿದ ಶಬ್ದಗಳೂ ಸುಮ್ಮನಿಲ್ಲ. 'ಓನ್' ಎಂಬುದಕ್ಕೆ ಫ್ರೆಂಚಿನಲ್ಲಿ 'ಪ್ರೋಪ್ರ್' ಎನ್ನಬಹುದು. ಅದನ್ನು ನಾಮಪದದ ಹಿಂದೆ ಇಟ್ಟರೆ 'ನನ್ನ ಸ್ವಂತ ಕೋಣೆ', ಮುಂದೆ ಇಟ್ಟರೆ 'ನನ್ನ ಚೊಕ್ಕಟವಾದ ಕೋಣೆ'. ಶಬ್ದದ ಜಾಗ ಒಂದು ಹೆಜ್ಜೆ ಆಚೀಚೆಯಾದರೆ ಬರಹಗಾರ್ತಿಯ ಕೈಗೆ ಪೊರಕೆ ಬರುತ್ತದೆ. ಇಬ್ಬರೂ ಅನುವಾದಕಿಯರು ಹೆಸರಿನಲ್ಲಿ ಅದರ ಸಹವಾಸಕ್ಕೇ ಹೋಗದೆ 'ಆ ಸ್ವಾ' ಎಂದು ಮುಗಿಸಿದ್ದು ಒಳ್ಳೆಯದಾಯಿತು.

ಒಮ್ಮೊಮ್ಮೆ ಕಷ್ಟ ತಿರುವುಮುರುವಾಗುತ್ತದೆ. ಪುಸ್ತಕದ ಒಳಗೆ ಕ್ಲೋಯಿ ಎಂಬವಳಿಗೆ ಒಲಿವಿಯಾ ಎಂಬವಳು ಇಷ್ಟವಾದಳು ಎಂಬ ಪುಟ್ಟ ವಾಕ್ಯವಿದೆ. ಸಾಹಿತ್ಯದಲ್ಲಿ ಹೆಂಗಸು ಹೆಂಗಸನ್ನು ಇಷ್ಟಪಟ್ಟದ್ದು ಇದೇ ಮೊದಲಿರಬೇಕು ಎಂದು ವುಲ್ಫ್ ಅಲ್ಲಿ ಬೆರಗಾಗುತ್ತಾಳೆ. ಇಂಗ್ಲಿಷಿನಲ್ಲಿ ಲೈಕ್ ಬೇರೆ, ಲವ್ ಬೇರೆ. ಫ್ರೆಂಚಿನಲ್ಲಿ ಎರಡಕ್ಕೂ 'ಎಮೆ'. ಪ್ರೀತಿ ಅಲ್ಲ ಮಾರಾಯರೇ, ಬರೀ ಇಷ್ಟ ಎನ್ನಬೇಕಾದರೆ ಅದರ ಜೊತೆಗೆ 'ಚೆನ್ನಾಗಿ' ಎಂಬರ್ಥದ ಒಂದು ಶಬ್ದ ಹಚ್ಚಬೇಕು. ಚೆನ್ನಾಗಿ ಎಂದ ಕೂಡಲೇ ಪ್ರೀತಿ ಕಡಿಮೆಯಾಗುತ್ತದೆ! ಹಚ್ಚದಿದ್ದರೆ ವಾಕ್ಯ ಬಿಸಿಯಾಗುತ್ತದೆ, ಹಚ್ಚಿದರೆ ಆರಿಹೋಗುತ್ತದೆ. ವುಲ್ಫ್ ಹದವಾಗಿ ಬೆಚ್ಚಗಿಟ್ಟಿದ್ದಳು.

ಈಗ ನನ್ನ ಅಭಿಪ್ರಾಯ. ನಾನಿಲ್ಲಿ ತೂಗುತ್ತಿರುವುದು ಮುಖಪುಟದ ಆ ಒಂದು ಶಬ್ದವನ್ನು ಮಾತ್ರ. ತಂಗಿಯ ಮಗಳು ಲ್ಯೊ ಪಕ್ಷ. ನನಗೆ ಶಾಂಬ್ರ್ ಬಿಟ್ಟುಕೊಡಲು ಮನಸ್ಸಿಲ್ಲ.

ಕಾರಣ, ವುಲ್ಫ್ ಬೀಗ ಕೇಳಿದ್ದಾಳೆ. ಬಾಗಿಲಿನ ಬೀಗವೆಂದರೆ ತನ್ನಷ್ಟಕ್ಕೆ ತಾನು ಯೋಚಿಸುವ ಶಕ್ತಿ ಎಂದು ಅವಳೇ ಕೊನೆಗೆ ಬಿಡಿಸಿ ಹೇಳುತ್ತಾಳೆ. ಲ್ಯೊಗೆ ಬಾಗಿಲೆಲ್ಲಿದೆ? ಬಯಲಿಗೆ ಬೀಗ ಹಾಕುವುದು ಹೇಗೆ? ಹೆಂಗಸರು ಲಕ್ಷಾಂತರ ವರ್ಷ ಒಳಗೇ ಕೂತು ಕೂತು ಗೋಡೆಗಳೆಲ್ಲ ಅವರ ಸೃಷ್ಟಿಶಕ್ತಿಯಿಂದ ನೆಂದುಹೋಗಿವೆ ಎನ್ನುವ ಬರಹಗಾರ್ತಿಗೆ ಗೋಡೆ ಬೇಡವಾಗಿರಲಿಲ್ಲ, ಗೋಡೆಯ ಒಡೆತನ ಬೇಕಾಗಿತ್ತು. ಜೇನ್ ಆಸ್ಟಿನ್ ಎಲ್ಲರೂ ಕೂರುವ ಹಜಾರದಲ್ಲಿ, ಬಾಗಿಲ ಕೀಲು ಕಿರುಗುಟ್ಟಿದ ಕೂಡಲೇ ಕಾಗದ ಮುಚ್ಚಿಟ್ಟು ಬರೆದದ್ದನ್ನು ಅವಳು ಹೇಳುತ್ತಾಳೆ. ಆಸ್ಟಿನ್‌ಗೆ ಜಾಗವಿತ್ತು. ಇಲ್ಲದ್ದು ಕೋಣೆ.

ಎರಡನೆಯದು, ಮಲಗುವ ಕೋಣೆ ವುಲ್ಫಳಿಗೆ ಪೂರ್ತಿ ಹೊರಗಿನದೇನಲ್ಲ. ಕ್ಲೋಯಿ ಒಲಿವಿಯಾರ ಕತೆ ಬರೆದವಳೆಂದು ಅವಳು ಕಲ್ಪಿಸಿಕೊಳ್ಳುವ ಎಳೆಯ ಲೇಖಕಿ ಮೇರಿ ಕಾರ್ಮೈಕಲ್ ತನ್ನ ಮೊದಲ ಕಾದಂಬರಿ ಬರೆಯುವುದು ಮಂಚವೂ ಕುರ್ಚಿಯೂ ಒಟ್ಟಿಗಿರುವ ಒಂಟಿ ಕೋಣೆಯಲ್ಲೇ. ಬಡ ಹುಡುಗಿಗೆ ಬೇರೆ ಎಲ್ಲಿ ಸಿಗಬೇಕು?

ಮತ್ತೆ ಕ್ಲಾರಾ ಮಾಲ್ರೊ ಯಾರೆಂದು ನೆನೆಯಬೇಕು. ಪ್ರಸಿದ್ಧ ಲೇಖಕ ಆಂದ್ರೆ ಮಾಲ್ರೊನ ಹೆಂಡತಿ. ಕಾಂಬೋಡಿಯಾದ ಬಾಂತಿಯಾಯ್ ಸ್ರೈ ದೇವಾಲಯದ ಶಿಲ್ಪಗಳನ್ನು ಕಿತ್ತ ಅಪರಾಧಕ್ಕೆ ಅವನು ಸಿಕ್ಕಿಬಿದ್ದಾಗ ಪ್ಯಾರಿಸಿಗೆ ಬಂದು ಸಾಹಿತಿಗಳ ಬೆಂಬಲ ಕಲೆಹಾಕಿದವಳು. ಯೆಹೂದಿ ಕುಟುಂಬದವಳಾದ್ದರಿಂದ ಯುದ್ಧಕಾಲದಲ್ಲಿ ಪುಟ್ಟ ಮಗಳನ್ನು ಕಟ್ಟಿಕೊಂಡು ತಲೆಮರೆಸಿಕೊಂಡು ಬದುಕಿದವಳು. 1947ರಲ್ಲಿ ವಿಚ್ಛೇದನ. ನಾಲ್ಕು ವರ್ಷದ ನಂತರ ಈ ಅನುವಾದ. ಹೀಗೆ ಬದುಕಿದವಳ ಪೆನ್ನಿಗೆ ಶಾಂಬ್ರ್ ಎಂಬ ಶಬ್ದ ಬಂದರೆ ಅದು ಬರೀ ಅಜಾಗರೂಕತೆ ಇರಲಾರದು ಎಂದು ನನ್ನ ಊಹೆ. ಯಾರೂ ಬಾಗಿಲು ತಟ್ಟದೆ ಮಲಗಿ ಏಳಬಹುದಾದ ಕೋಣೆ ಅವಳಿಗೆ ಸಣ್ಣದಾಗಿ ಕಂಡಿರಲಿಕ್ಕಿಲ್ಲ.

ಇಷ್ಟು ಹೇಳಿದರೂ ತಂಗಿಯ ಮಗಳು ಒಪ್ಪಲಿಲ್ಲ. "ನಿಮಗೆ ಶಾಂಬ್ರ್ ಇತ್ತಲ್ಲ ದೊಡ್ಡಮ್ಮ, ಅಲ್ಲಿ ಕೂತು ಬರೆದಿರಾ?" ಎಂದು ಕೇಳಿಬಿಟ್ಟಳು.

ನಾನು ಸುಮ್ಮನಾದೆ. ಮದುವೆಯಾಗಿ ಬಂದ ಮನೆಯಲ್ಲಿ ಒಂಬತ್ತು ಜನ. ನಮಗೆಂದು ಮಲಗುವ ಕೋಣೆ ಇತ್ತು, ಚಿಲಕವೂ ಇತ್ತು. ಆದರೆ ಹಗಲು ಹೊತ್ತು ಚಿಲಕ ಹಾಕಿದರೆ "ಯಾಕಮ್ಮ, ತಲೆನೋವಾ?" ಎಂದು ಅತ್ತೆ ಕೇಳುತ್ತಿದ್ದರು. ತಲೆನೋವಿಗೆ ಚಿಲಕ ಹಾಕಬಹುದಿತ್ತು, ಬರೆಯುವುದಕ್ಕೆ ಹಾಕುವಂತಿರಲಿಲ್ಲ. ರಾತ್ರಿ ದೀಪ ಹಾಕಿದರೆ ಇವರ ನಿದ್ದೆ ಹಾಳು. ಹಾಗಾಗಿ ಉತ್ತರಪತ್ರಿಕೆ ತಿದ್ದಿದ್ದು, ಕದ್ದು ನಾಲ್ಕು ಸಾಲು ಗೀಚಿದ್ದು ಎಲ್ಲ ಉಗ್ರಾಣದ ಅಕ್ಕಿ ಡ್ರಮ್ಮಿನ ಮುಚ್ಚಳದ ಮೇಲೆ. ಉಗ್ರಾಣಕ್ಕೆ ಬಾಗಿಲಿರಲಿಲ್ಲ. ಯಾರೂ ಏನೂ ಕೇಳದ ಚಿಲಕವೆಂದರೆ ಇಡೀ ಮನೆಯಲ್ಲಿ ಬಚ್ಚಲಿನದು ಒಂದೇ. ವುಲ್ಫಳ ಪುಸ್ತಕದ ಕೊನೆಯ ಪುಟಗಳನ್ನು ನಾನು ಓದಿದ್ದು ಅಲ್ಲೇ, ಹಂಡೆಗೆ ಉರಿ ಹಾಕುವ ನೆಪದಲ್ಲಿ, ಮಣೆಯ ಮೇಲೆ ಕೂತು.

ಇದನ್ನು ಕೇಳಿ ಹುಡುಗಿ ಜೋರಾಗಿ ನಕ್ಕಳು. ನನಗೆ ಬೇಸರವಾಗುವಷ್ಟರಲ್ಲಿ ಕಾರಣ ಹೇಳಿದಳು. ಫ್ರೆಂಚಿನಲ್ಲಿ ಲ್ಯೊ ಎಂಬುದನ್ನು ಬಹುವಚನ ಮಾಡಿ 'ಲೆ ಲ್ಯೊ' ಎಂದರೆ ಹಿಂದಿನ ಕಾಲದವರ ಮಾತಿನಲ್ಲಿ ಪಾಯಿಖಾನೆ ಎಂದರ್ಥವಂತೆ! "ನೋಡಿ, ನಿಮಗಿದ್ದದ್ದೂ ಲ್ಯೊನೇ" ಎಂದಳು. ಆ ವಾದದಲ್ಲಿ ನಾನು ಸೋತೆ ಎಂದು ಒಪ್ಪಿಕೊಳ್ಳಬೇಕು.

ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಳು, ಕನ್ನಡದಲ್ಲಾದರೆ ನೀವೇನು ಹೆಸರಿಡುತ್ತೀರಿ ಎಂದು. ಕೋಣೆ ಎಂದರೆ ಎಡೆ ಹೋಗುತ್ತದೆ, ಎಡೆ ಎಂದರೆ ಜನ ಬಾಳೆಲೆಯ ಮೇಲಿನ ನೈವೇದ್ಯ ಅಂದುಕೊಳ್ಳುತ್ತಾರೆ. 'ತಾವು' ಆಗಬಹುದೇನೋ ಎಂದೆ. ನಮ್ಮ ಅಜ್ಜಿ ಜಾಗಕ್ಕೆ ತಾವು ಎನ್ನುತ್ತಿದ್ದರು. ತಾನು, ತಾವು ಎನ್ನುವ ತಾವೂ ಅದರೊಳಗೇ ಕೂತಿದೆ, ಗೌರವದ ತಾವೂ ಇದೆ. "ಬಾಗಿಲು?" ಎಂದಳು. ಬಾಗಿಲಿಲ್ಲ, ನಿಜ. ಅಷ್ಟರಲ್ಲಿ ಬಸ್ಸು ಬಂತು. ದಸರೆಯ ರಶ್ಶು, ಒಳಗೆ ಕಾಲಿಡಲು ರೂಮಿರಲಿಲ್ಲ. ಅವಳು ಮೆಟ್ಟಿಲ ಮೇಲೇ ನಿಂತು ಹೋದಳು.