ಮರದ ತೇಪೆಯ ಸೊಗಸು

ಹಳೆಯ ಲೀ-ಎನ್‌ಫೀಲ್ಡ್ ರೈಫಲ್ ಎದುರಿಗಿದ್ದರೆ ಮೊದಲು ನೋಡಬೇಕಾದದ್ದು ಅದರ ದುರಸ್ತಿಗಳನ್ನು. ಹೊಳೆಯುವ ನಳಿಗೆ, ಉಜ್ಜಿ ಮಿರುಗಿಸಿದ ಮರ ಇವೆಲ್ಲ ಆಮೇಲಿನ ಮಾತು. ಅಪರೂಪಕ್ಕೆ ಮಿರುಗುವುದೂ ನಿಜವಿರುತ್ತದೆ. ಆದರೆ ಹೆಚ್ಚಿನ ಸಲ ಆ ಮಿರುಗು ಏನನ್ನೋ ಅಳಿಸಿಹಾಕಿರುತ್ತದೆ.

ನಮ್ಮಲ್ಲಿ ಇದು 'ತ್ರೀ ನಾಟ್ ತ್ರೀ'. ಖಜಾನೆಯ ಬಾಗಿಲಲ್ಲಿ, ಮತಗಟ್ಟೆಯ ಮುಂದೆ ಪೊಲೀಸರ ಹೆಗಲಿಗೆ ತೂಗಿಕೊಂಡು ದಶಕಗಟ್ಟಲೆ ನಿಂತ ಬಂದೂಕು. 1907ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾರ್ಕ್ 3 ಮಾದರಿಯಲ್ಲಿ ಹತ್ತು ತೋಟಾಗಳ ಮ್ಯಾಗಜೀನ್, ನಳಿಗೆಯ ತುದಿಯವರೆಗೂ ಹೊದಿಸಿದ ಮರ, ಮೊಂಡು ಮೂತಿ. ಇಂಗ್ಲೆಂಡಿನಲ್ಲಿ ಎನ್‌ಫೀಲ್ಡ್, ಬರ್ಮಿಂಗ್‌ಹ್ಯಾಮ್, ಆಸ್ಟ್ರೇಲಿಯಾದಲ್ಲಿ ಲಿತ್‌ಗೋ, ಬಂಗಾಳದಲ್ಲಿ ಇಶಾಪುರ. ಎಲ್ಲೆಡೆ ತಯಾರಾದದ್ದು ಒಂದೇ ನಕ್ಷೆಯ ಪ್ರಕಾರ. ಆದರೂ ಪಳಗಿದ ಕಣ್ಣಿಗೆ ಒಂದೊಂದರ ಕೈಚಳಕ ಬೇರೆ ಬೇರೆಯಾಗಿಯೇ ಕಾಣುತ್ತದೆ.

ಇಶಾಪುರದ ರೈಫಲ್‌ಗಳ ಮರದ ಮೇಲೆ ತೇಪೆಗಳು ಹೇರಳ. ಬಿರುಕು ಬಿಟ್ಟ ಜಾಗವನ್ನು ಚೊಕ್ಕವಾಗಿ ಕೆತ್ತಿ ತೆಗೆದು, ಅದೇ ಅಳತೆಯ ತುಂಡನ್ನು ಎಳೆಯ ದಿಕ್ಕು ನೋಡಿ ಕೂರಿಸಿ, ಅಂಟು ಹಾಕಿ, ಸಣ್ಣ ಗೂಟ ಹೊಡೆದಿದ್ದಾರೆ. ಮ್ಯಾಗಜೀನಿಗೆ ಮುಂದೆ ಮರದಲ್ಲಿ ಅಡ್ಡಲಾಗಿ ತೂರಿಸಿದ ಸ್ಕ್ರೂ ಒಂದಿರುತ್ತದೆ. ಮರ ಸೀಳದಂತೆ ಬಿಗಿಹಿಡಿಯಲು ಹಾಕಿದ್ದು. ಸಂಗ್ರಾಹಕರು ಅದನ್ನು 'ಇಶಾಪುರ ಸ್ಕ್ರೂ' ಎಂದೇ ಕರೆಯುತ್ತಾರೆ. ಹೊಸಬರು ಇವನ್ನೆಲ್ಲ ಕುಂದೆಂದು ಎಣಿಸಿ ಬೆಲೆ ಇಳಿಸಿ ಕೇಳುತ್ತಾರೆ. ನನ್ನ ಕಣ್ಣಿಗೆ ಆ ಬಂದೂಕಿನ ಅತ್ಯಂತ ಚೆಲುವಾದ ಭಾಗ ಅದೇ. ಸೇನೆಯ ಕಾರ್ಯಾಗಾರದ ಬಡಗಿ ಮರವನ್ನು ಬಿಸಾಡದೆ ಉಳಿಸಿಕೊಂಡ. ಮಾರುವ ಉದ್ದೇಶ ಅವನಿಗಿರಲಿಲ್ಲ. ಹಾಗಾಗಿ ತೇಪೆಯನ್ನು ಮುಚ್ಚಿಡುವ ಪ್ರಯತ್ನವೂ ಅಲ್ಲಿಲ್ಲ.

ವ್ಯಾಪಾರಿಯ ದುರಸ್ತಿಯ ಗುಣವೇ ಬೇರೆ. ಅವನು ಮರಳು ಕಾಗದ ಹಿಡಿದು ಉಜ್ಜುತ್ತಾನೆ. ಅದನ್ನು ಪತ್ತೆ ಮಾಡಲು ಬೆರಳೊಂದು ಸಾಕು. ಹೆಗಲಿಗೆ ಒತ್ತುವ ಬಟ್ಟಿನ ಹಿಂಬದಿಯ ಹಿತ್ತಾಳೆ ಫಲಕಕ್ಕೆ ಮರ ಕೂಡುವ ಅಂಚಿನ ಮೇಲೆ ಬೆರಳಾಡಿಸಿ. ಕಾರ್ಖಾನೆಯ ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರ. ಉಜ್ಜಿದ ಮರ ತಗ್ಗಿರುತ್ತದೆ, ಲೋಹದ ಅಂಚು ಬೆರಳಿಗೆ ತಡೆಯುತ್ತದೆ. ಆ ತಗ್ಗಿನ ಜೊತೆಗೆ ತಪಾಸಣೆಗಾರರ ಮುದ್ರೆಗಳೂ, ಅಗಸೆ ಎಣ್ಣೆ ಕುಡಿದು ಕಪ್ಪಾದ ಮೇಲ್ಪದರವೂ ಹೋದವೆಂದೇ ಲೆಕ್ಕ. ಹೋದ ಪದರವನ್ನು ಮರಳಿ ತರಲು ಯಾರಿಂದಲೂ ಆಗದು.

ಸಂಖ್ಯೆಗಳ ವಿಷಯಕ್ಕೆ ಬಂದರೆ, ಬಂದೂಕಿನ ಒಡಲು, ನಳಿಗೆ, ಬೋಲ್ಟು, ಮೂತಿಯ ಕವಚ, ಹಿಂಗುರಿಯ (ಕಣ್ಣಿನ ಕಡೆಯ ಗುರಿ ಸಾಧನದ) ಪಟ್ಟಿಯ ಅಡಿ ಇವೆಲ್ಲ ಒಂದೇ ಅಂಕಿ ಹೇಳಬೇಕು. ಬೋಲ್ಟಿನ ಹೊಂದಾಣಿಕೆ ಬರೀ ಸಂಗ್ರಾಹಕರ ಹಟವಲ್ಲ. ಬೋಲ್ಟಿನ ತಲೆಗೂ ತೋಟಾ ಕೂರುವ ಕೋಣೆಗೂ ನಡುವಿನ ಅಂತರ ಆಯಾ ಬಂದೂಕಿಗೆ ಹೊಂದಿಸಿದ್ದು. ಮುಂದೆ ಬಂದ ನಂ. 4 ಮಾದರಿಯಲ್ಲಂತೂ ಇದಕ್ಕೆಂದೇ 0ಯಿಂದ 3ರವರೆಗೆ ನಾಲ್ಕು ಅಳತೆಯ ಬೋಲ್ಟ್ ತಲೆಗಳಿದ್ದವು. ಹಳೆಯ ಅಂಕಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಒತ್ತಿದ್ದರೆ ಅದು ಸೇನೆಯ ಕೆಲಸ, ಮರ್ಯಾದೆಯ ಕೆಲಸ. ಹಳೆಯದನ್ನು ಪೂರ್ತಿ ಅರೆದು, ಆ ಹಳ್ಳದಲ್ಲಿ ಹೊಸ ಅಂಕಿ ಹೊಡೆದಿದ್ದರೆ ಅನುಮಾನಿಸಬೇಕು.

ಸರಾಸರಿ ನಕಲಿಗಳು ಬೇಗ ಸಿಕ್ಕಿಬೀಳುತ್ತವೆ. ಖೈಬರ್ ಸೀಮೆಯ ದರ್ರಾ ಆದಂ ಖೇಲ್‌ನ ಕಮ್ಮಾರರು ಅರದಲ್ಲೇ ರೈಫಲ್ ತಿದ್ದಿ ತೆಗೆಯುವ ಕುಶಲಿಗಳು. ಆದರೆ ಅವರು ಒತ್ತಿದ ಇಂಗ್ಲಿಷ್ ಅಕ್ಷರಗಳು ಒಮ್ಮೊಮ್ಮೆ ತಿರುವುಮುರುವಾಗಿರುತ್ತವೆ; 1901ರಲ್ಲಿ ತೀರಿಕೊಂಡ ವಿಕ್ಟೋರಿಯಾಳ ಲಾಂಛನದ ಕೆಳಗೆ ಅದರ ನಂತರದ ಇಸವಿ ಕಾಣುತ್ತದೆ. ಅದನ್ನು ದರ್ರಾದ ಕೆಲಸವೆಂದೇ ಕೊಂಡರೆ ತಪ್ಪಿಲ್ಲ, ಗುಂಡು ಮಾತ್ರ ಹಾರಿಸಬಾರದು. ಇನ್ನು ನಂ. 5 'ಜಂಗಲ್ ಕಾರ್ಬೈನ್': ಸಾಮಾನ್ಯ ನಂ. 4ರ ಮರ ಕತ್ತರಿಸಿ, ಮೂತಿಗೆ ಜ್ವಾಲೆ ಮುಚ್ಚುವ ಕೊಳವೆ ಸಿಕ್ಕಿಸಿ ಇದೇ ಅದು ಎಂದು ಮಾರಿದವರು ಬಹಳ. ಅಸಲಿಯಲ್ಲಿ ತೂಕ ಇಳಿಸಲು ನಳಿಗೆಯ ಬುಡದಲ್ಲೂ ಒಡಲಲ್ಲೂ ಲೋಹ ಕೊರೆದಿರುತ್ತದೆ, ಬೋಲ್ಟಿನ ಗುಂಡಿಯೂ ಪೊಳ್ಳು. ಮರದ ಕೆಳಗೆ ಅಡಗಿದ ಆ ಕೊರೆತಕ್ಕೆ ನಕಲಿಗಾರ ಶ್ರಮ ಹಾಕುವುದೇ ಇಲ್ಲ.

ನಿಜವಾದ ಪರೀಕ್ಷೆ ಎದುರಾಗುವುದು ನಂ. 4 (ಟಿ) ಸ್ನೈಪರ್ ಎದುರು. ಬೆಲೆ ಹೆಚ್ಚಿದ್ದಷ್ಟೂ ನಕಲಿಗಾರನ ತಾಳ್ಮೆ ಹೆಚ್ಚು. ಕಾರ್ಖಾನೆಯಲ್ಲಿ ಗುರಿ ಚೆನ್ನಾಗಿದ್ದವನ್ನು ಆರಿಸಿ 'ಟಿ.ಆರ್.' ಎಂದು ಗುರುತು ಹಾಕುತ್ತಿದ್ದರು. ದುರ್ಬೀನು ಕೂರಿಸಲು ಅವು ಬಹುಪಾಲು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್‌ಗೆ ಹೋದವು; ಅಲ್ಲಿನ ಸಂಕೇತ 'ಎಸ್ 51' ಬಟ್ಟಿನ ಅಡಿಯಲ್ಲಿದೆ. ದುರ್ಬೀನಿನ ಅಂಕಿಯನ್ನು ಬಟ್ಟಿನ ಕತ್ತಿನ ಮೇಲೂ, ರೈಫಲಿನ ಅಂಕಿಯನ್ನು ದುರ್ಬೀನಿನ ಹಿಡಿಕೆಯ ಮೇಲೂ ಒತ್ತಿದರು. ಮರ ಲೋಹದ ಹೆಸರು ಹೇಳುತ್ತದೆ, ಲೋಹ ಮರಕ್ಕೆ ಸಾಕ್ಷಿ ನುಡಿಯುತ್ತದೆ. ಈ ಪರಸ್ಪರ ಸಾಕ್ಷ್ಯ ಕೆಡದೆ ಉಳಿದ ಜೋಡಿಯನ್ನು ನೋಡುವುದು ದೊಡ್ಡ ಸುಖ. ಎಲ್ಲ ಅಂಕಿಗಳೂ ಸರಿಯಿದ್ದು, ಅಂಚುಗಳು ಮಾತ್ರ ಒಂದು ಕಡೆ ಹರಿತವಾಗಿಯೂ ಇನ್ನೊಂದು ಕಡೆ ಸವೆದೂ ಇದ್ದರೆ, ಬಣ್ಣಿಸುವವರ ಮಾತು ಎಷ್ಟೇ ಸಿಹಿಯಾಗಿರಲಿ, ಕೆಳಗಿಡುವುದೇ ಲೇಸು.

ಭಾರತದಲ್ಲಿ .303 ನಾಗರಿಕರಿಗೆ ನಿಷಿದ್ಧ ಅಳತೆ. ಅದೇ ಎನ್‌ಫೀಲ್ಡ್ ಬೋಲ್ಟಿನ ಮೇಲೆ ಇಶಾಪುರ .315 ರೈಫಲ್ ಮಾಡಿದ್ದು ಅದಕ್ಕಾಗಿಯೇ. ಹೀಗಾಗಿ ಸಂಗ್ರಾಹಕರ ಪೇಟೆ ಬೆಳೆದದ್ದು ಬ್ರಿಟನ್, ಅಮೆರಿಕ, ಕೆನಡಾಗಳಲ್ಲಿ. ಅಲ್ಲಿನವರಿಗೆ ಕಿರೀಟದ ಮುದ್ರೆಯೆಂದರೆ ಮೋಹ. ಅಶೋಕನ ಸಿಂಹ ಹೊತ್ತ ಇಶಾಪುರದ 2ಎ1 ಅಗ್ಗದ ಸಾಲಿನಲ್ಲಿ ಕೂರುತ್ತದೆ. ಇದು ಅನ್ಯಾಯವೆಂದೇ ನನ್ನ ಎಣಿಕೆ. ಚೀನಾ ಯುದ್ಧದ ನಂತರದ ಅಭಾವದಲ್ಲಿ, ಹಳೆಯ ನಕ್ಷೆಗೆ ಹೆಚ್ಚು ಗಟ್ಟಿಯಾದ ಉಕ್ಕು ಹಾಕಿ 7.62 ಮಿ.ಮೀ. ತೋಟಾಕ್ಕೆ ಹೊಂದಿಸಿದ ಬಂದೂಕು ಅದು. ಹನ್ನೆರಡು ತೋಟಾಗಳ ಚೌಕನೆಯ ಮ್ಯಾಗಜೀನ್ ಅದರ ಗುರುತು. ಮೊದಲ 2ಎಯ ಹಿಂಗುರಿ 2000ದವರೆಗೆ ಅಳತೆ ತೋರುತ್ತಿತ್ತು. 2ಎ1ರಲ್ಲಿ ಅದನ್ನು 800ಕ್ಕೆ ಇಳಿಸಿದರು. ಎರಡನ್ನೂ ಬೆರೆಸಿ ಜೋಡಿಸಿದವು ಪೇಟೆಗೆ ಬರುತ್ತವೆ, ಹಿಂಗುರಿಯ ಪಟ್ಟಿಯನ್ನು ಎತ್ತಿ ಓದಿಯೇ ಬೆಲೆ ಮಾತಾಡಬೇಕು.