ಡೇಟಾಬೇಸಿಗೆ ನಾಲ್ಕು ಸೊನ್ನೆಯ ಬಾಗಿಲು

ಹೆಬ್ಬಾಳದ ಮೇಲ್ಸೇತುವೆ ದಾಟಿ ಮಾನ್ಯತಾ ಟೆಕ್ ಪಾರ್ಕ್‌ಗೆ ಹೋಗಿಬರುತ್ತಿದ್ದ ಇಂಜಿನಿಯರ್‌ಗಳು 2020ರ ಮಾರ್ಚ್‌ನಲ್ಲಿ ಯಲಹಂಕ, ಆರ್.ಟಿ. ನಗರದ ಮನೆಗಳಲ್ಲೇ ಕೆಲಸಕ್ಕೆ ಕೂತರು. ಆಫೀಸಿನ ಐಪಿ ವಿಳಾಸ ಸಾಮಾನ್ಯವಾಗಿ ಬದಲಾಗುವುದಿಲ್ಲ. ಮನೆಯದು ಹಾಗಲ್ಲ, ಕರೆಂಟು ಹೋಗಿ ರೂಟರ್ ಮತ್ತೆ ಹೊತ್ತಿಕೊಂಡರೆ ಬೇರೆಯೇ ವಿಳಾಸ ಬರಬಹುದು. ಡೇಟಾಬೇಸಿನ ಮುಂದೆ ಕಾವಲಿರುವ ಫೈರ್‌ವಾಲ್ ನೋಡುವುದು ಆ ವಿಳಾಸವನ್ನೇ. ನಿನ್ನೆ ಬಿಟ್ಟವರನ್ನು ಇವತ್ತು ಬಿಡುವುದಿಲ್ಲ. ಬೇಸತ್ತವರು ಆಗ ಬರೆಯುವ ನಿಯಮ 0.0.0.0/0. ಜಗತ್ತಿನ ಯಾವ ಯಂತ್ರ ಬೇಕಾದರೂ ಬಂದು ಬಾಗಿಲು ತಟ್ಟಬಹುದು ಎಂದು ಅದರರ್ಥ.

ಈ ರೂಢಿ ತಪ್ಪು.

ಪಾಸ್‌ವರ್ಡ್ ಇದೆಯಲ್ಲ ಎನ್ನುವವರು 2003ರ ಜನವರಿ 25ನ್ನು ನೆನೆಯಬೇಕು. ಅಂದು ‘ಸ್ಲ್ಯಾಮರ್’ ಎಂಬ ಹುಳು ಎಸ್‌ಕ್ಯೂಎಲ್ ಸರ್ವರ್‌ಗಳ 1434ನೇ ಯುಡಿಪಿ ಪೋರ್ಟ್ ಹಿಡಿದು, ಪಾಸ್‌ವರ್ಡಿನ ಗೊಡವೆಯೇ ಇಲ್ಲದೆ ಒಳನುಗ್ಗಿತು. ಅದರ ಗಾತ್ರ ಬರೀ 376 ಬೈಟ್. ಹತ್ತೇ ನಿಮಿಷದಲ್ಲಿ ಅದು ದಾಳಿಗೆ ಸಿಕ್ಕಬಹುದಾಗಿದ್ದ ಯಂತ್ರಗಳ ಬಹುಪಾಲನ್ನು ಆವರಿಸಿತ್ತು. ದೋಷ ಸರಿಪಡಿಸುವ ಪ್ಯಾಚ್ ಆರು ತಿಂಗಳ ಹಿಂದೆಯೇ ಬಂದಿತ್ತು, ಹಲವರು ಹಾಕಿಕೊಂಡಿರಲಿಲ್ಲ. ಆ ಒಂದು ಪೋರ್ಟನ್ನು ಹೊರಗಿನವರಿಗೆ ಮುಚ್ಚಿದ್ದರೂ ಸಾಕಿತ್ತು.

ಇನ್ನು ಪಾಸ್‌ವರ್ಡೇ ಇಲ್ಲದ ಕತೆ. 2019ರ ಜನವರಿಯಲ್ಲಿ ಸ್ಟೇಟ್ ಬ್ಯಾಂಕಿನ ‘ಎಸ್‌ಬಿಐ ಕ್ವಿಕ್’ ಸೇವೆಯ ಸರ್ವರ್ ಒಂದು ಇಂಟರ್‌ನೆಟ್ಟಿಗೆ ಹಾಗೇ ತೆರೆದುಕೊಂಡಿದ್ದುದು ಸುದ್ದಿಯಾಯಿತು. ಗ್ರಾಹಕರಿಗೆ ಹೋಗುವ ಬ್ಯಾಲೆನ್ಸಿನ ಮೆಸೇಜುಗಳು ಅದರಲ್ಲಿದ್ದವು.

ತಂತ್ರಾಂಶ ತಯಾರಕರು ಸ್ವಲ್ಪ ತಿದ್ದಿಕೊಂಡಿದ್ದಾರೆ. ಮೊಂಗೋಡಿಬಿ 2017ರ 3.6 ಆವೃತ್ತಿಯಿಂದ, ಬೇರೆ ಹೇಳದ ಹೊರತು, ತನ್ನದೇ ಯಂತ್ರದ ಕನೆಕ್ಷನ್‌ಗಳಿಗಷ್ಟೇ ಓಗೊಡುತ್ತದೆ. ಡಾಕರ್ ಮಾತ್ರ ಇಂದಿಗೂ ಮೋಸಗೊಳಿಸುತ್ತದೆ. ಉಬುಂಟು ಸರ್ವರಿನಲ್ಲಿ ಯುಎಫ್‌ಡಬ್ಲ್ಯೂ ಫೈರ್‌ವಾಲ್ 3306 ಪೋರ್ಟನ್ನು ಮುಚ್ಚಿದ್ದರೂ, ‘3306:3306’ ಎಂದು ಕಂಟೇನರ್ ಓಡಿಸಿದರೆ ಡಾಕರ್ ತನ್ನದೇ ನಿಯಮ ಸೇರಿಸಿ ಅದನ್ನು ದಾಟಿಬಿಡುತ್ತದೆ. ಆ ಸಂಖ್ಯೆಗಳ ಮುಂದೆ 127.0.0.1 ಸೇರಿಸಿ ಬರೆಯುವುದೊಂದೇ ಅಭ್ಯಾಸವಾಗಬೇಕು. ಇಷ್ಟು ಮುಖ್ಯವಾದ ಎಚ್ಚರಿಕೆ ಆರಂಭಿಕರ ಪಾಠದ ಮೊದಲ ಪುಟದಲ್ಲೇ ಇರಬೇಕಿತ್ತು.

ಮನೆಯ ವಿಳಾಸವನ್ನೇ ಪಟ್ಟಿಗೆ ಸೇರಿಸಿದರಾಯಿತು ಎಂಬ ಉಪಾಯವೂ ಅರೆಬರೆ. ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಬ್ರಾಡ್‌ಬ್ಯಾಂಡ್ ಕಂಪನಿಗಳಿವೆ. ಅಲ್ಲಿ ನಿಮಗೆ ತೆರೆದ ಬಾಗಿಲು ಆ ಮನೆಗಳವರಿಗೂ ತೆರೆದಂತೆ. ವಿಪಿಎನ್ ಅಥವಾ ಎಸ್‌ಎಸ್‌ಎಚ್ ಟನಲ್ ಮೂಲಕ ಒಂದೇ ಯಂತ್ರದಿಂದ ಒಳಬಂದು, ಡೇಟಾಬೇಸಿನ ಪೋರ್ಟನ್ನು ಆ ಯಂತ್ರಕ್ಕಷ್ಟೇ ಬಿಡುವುದು ಅರ್ಧ ದಿನದ ಕೆಲಸ. ಸಣ್ಣ ಕಂಪನಿಗೂ ಅದು ಭಾರವಲ್ಲ.

ಇವತ್ತೇ ಆಫೀಸಿನ ವೈಫೈ, ವಿಪಿಎನ್ ಎರಡನ್ನೂ ಬಿಟ್ಟು, ಮೊಬೈಲ್ ಡೇಟಾದಿಂದ ನಿಮ್ಮ ಸರ್ವರಿನ ಪೋರ್ಟಿಗೆ ಕನೆಕ್ಟ್ ಮಾಡಿ ನೋಡಿ. ಅದು ಪಾಸ್‌ವರ್ಡ್ ಕೇಳಿದರೆ, ಊಟಕ್ಕೆ ಏಳುವ ಮೊದಲು ಆ 0.0.0.0/0 ನಿಯಮ ಅಳಿಸಿ.